ನಾಲ್ಕು ಸೆಕೆಂಡು ತಡವಾದ ವಿಷಲ್

ತಿ. ನರಸೀಪುರ
ಶನಿವಾರ, 12 ಸೆಪ್ಟೆಂಬರ್ 1998

ಪ್ರೀತಿಯ ಇಂದ್ರಾಣಿಗೆ,

ನಿನ್ನ ಕೆಮ್ಮು ಈಗ ಹೇಗಿದೆ, ಮೊದಲು ಅದನ್ನು ತಿಳಿಸು. ಹೋದ ಕಾಗದದಲ್ಲಿ ಮೂರು ಪುಟ ಹಾಸ್ಟೆಲಿನ ವರ್ಣನೆ ಬರೆದು ಕೆಮ್ಮಿನ ವಿಷಯವನ್ನು ಕೊನೆಯ ಸಾಲಿನಲ್ಲಿ ತುರುಕಿದ್ದೀಯ. ಊರವರಿಗೆಲ್ಲ ಮಾತ್ರೆ ಹಂಚುವ ಸಿಸ್ಟರಮ್ಮ ತಾನು ಮಾತ್ರ ಮಾತ್ರೆ ನುಂಗುವುದಿಲ್ಲ ಅನ್ನುವುದು ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಮಂಗಳೂರಿನ ಮಳೆಯಲ್ಲಿ ಒದ್ದೆ ಕೂದಲು ಕಟ್ಟಿಕೊಂಡು ಕ್ಲಾಸಿಗೆ ಓಡಬೇಡ. ಕುಸುಬಲಕ್ಕಿ ಅನ್ನ ಇನ್ನೂ ಗಂಟಲಲ್ಲಿ ಇಳಿಯುತ್ತಿಲ್ಲ ಅಂದಿದ್ದೆ. ಆರು ತಿಂಗಳ ಟ್ರೈನಿಂಗಿನಲ್ಲಿ ಎರಡು ತಿಂಗಳು ಕಳೆಯಿತು, ಇನ್ನು ನಾಲ್ಕು ತಿಂಗಳು ಹೇಗೋ ಇಳಿಸಿಕೋ. ಬರುವಾಗ ಹಿರಿಯ ಸಿಸ್ಟರ್ ಆಗಿ ಬರುತ್ತೀಯಲ್ಲ, ಆಮೇಲೆ ನಮ್ಮನ್ನು ಕೇಳುವವರು ಯಾರು.

ಇಲ್ಲಿ ನಾವು ಮೂವರೂ ಚೆನ್ನಾಗಿದ್ದೇವೆ. ಅವ್ವನ ಮೊಣಕಾಲು ನೋವು ಇದ್ದ ಹಾಗೇ ಇದೆ, ಬಾಯಿ ಮಾತ್ರ ಮೊದಲಿಗಿಂತ ಗಟ್ಟಿಯಾಗಿದೆ. ನೀನಿಲ್ಲದ ಅಡುಗೆಮನೆಯನ್ನು ಪೂರ್ತಿ ವಶಕ್ಕೆ ತೆಗೆದುಕೊಂಡು ಉಪ್ಪಿನ ಡಬ್ಬಿಯನ್ನು ಕಿಟಕಿಯಿಂದ ಗೂಡಿಗೆ, ಗೂಡಿನಿಂದ ಕಿಟಕಿಗೆ ವರ್ಗ ಮಾಡುತ್ತಿರುತ್ತಾಳೆ. ನಿನ್ನ ಮಗಳು ಕವನಳ ಕಿರುಪರೀಕ್ಷೆ ಮುಗಿಯಿತು. ಗಣಿತದಲ್ಲಿ ಇಪ್ಪತ್ತೈದಕ್ಕೆ ಹತ್ತೊಂಬತ್ತು. ಸಮಾಜದಲ್ಲಿ ಎಷ್ಟು ಅಂತ ಅವಳೂ ಹೇಳಿಲ್ಲ, ನಾನೂ ಕೇಳಿಲ್ಲ. ಕೇಳುವ ಸ್ಥಿತಿಯಲ್ಲಿ ಈ ವಾರ ನಾನು ಇರಲಿಲ್ಲ. ಆ ವಿಷಯ ಬರೆಯುವುದಕ್ಕೇ ಈ ಕಾಗದ ಹಿಡಿದು ಕೂತಿರುವುದು.

ಅವಳ ಭಾನುವಾರದ ಬಾಸ್ಕೆಟ್‌ಬಾಲ್ ಲೀಗ್ ನೀನು ಹೋದ ಮೇಲೆ ಶುರುವಾದದ್ದು, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳಬೇಕು. ಮೈಸೂರಿನ ಒಂದು ಕ್ಲಬ್ಬಿನವರು ಸುತ್ತಲಿನ ತಾಲೂಕುಗಳ ಹೆಣ್ಣುಮಕ್ಕಳಿಗಾಗಿ ನಡೆಸುತ್ತಿದ್ದಾರೆ. ಬರೇ ಗೆಲ್ಲುವುದಕ್ಕಲ್ಲ, ಎಲ್ಲರೂ ಆಡಲಿ ಅಂತ ಮಾಡಿದ್ದು. ತಂಡಕ್ಕೆ ಹತ್ತು ಹುಡುಗಿಯರು, ಎಂಟೆಂಟು ನಿಮಿಷದ ನಾಲ್ಕು ಸುತ್ತು. ಎಷ್ಟೇ ಕುಳ್ಳಿಯಾಗಲಿ, ಚೆಂಡು ಕಂಡರೆ ಹೆದರುವವಳಾಗಲಿ, ಪ್ರತಿಯೊಬ್ಬಳೂ ಒಂದು ಸುತ್ತನ್ನಾದರೂ ಪೂರ್ತಿ ಆಡಲೇಬೇಕು. ಎಷ್ಟೇ ಚೆನ್ನಾಗಿ ಆಡುವವಳಾದರೂ ಮೂರು ಸುತ್ತಿಗಿಂತ ಹೆಚ್ಚು ಆಡುವಂತಿಲ್ಲ. ಗೆದ್ದವರು, ಸೋತವರು ಸಾಲಾಗಿ ನಿಂತು ಕೈ ಕುಲುಕಬೇಕು. ಹೊರಗೆ ನಿಂತ ತಂದೆತಾಯಿಯರು ರೆಫ್ರಿಯ ಮೇಲೆ ಕೂಗಾಡಿದರೆ ಅವರ ಮಕ್ಕಳ ತಂಡಕ್ಕೇ ದಂಡನೆ. ಇದು ನನಗೆ ತುಂಬ ಹಿಡಿಸಿದ ನಿಯಮ.

ಬಳೆ, ಓಲೆ, ಸರ ಏನೂ ಹಾಕಿಕೊಂಡು ಆಡುವಂತಿಲ್ಲ ಅನ್ನುವುದು ಇನ್ನೊಂದು. ಅದನ್ನು ಕೇಳಿ ಮೊದಲ ದಿನ ಅವ್ವ “ಎಣ್ ಮಕ್ಳು ಬರಿಗೈಲಿ ಆಡದಾ? ಇದ್ಯಾವ್ ಸೀಮೆ ಆಟ್ವೋ ಕಾಣೆ” ಅಂತ ರೇಗಿದಳು. ಈಗ ನೋಡಿದರೆ ಎರಡೂ ಕಡೆಯ ಇಪ್ಪತ್ತು ಹುಡುಗಿಯರ ಬಳೆ, ಓಲೆ ಎಲ್ಲ ಅವ್ವನ ಮಡಿಲಲ್ಲಿ. ಸ್ಕೂಲ್ ಕಾಂಪೌಂಡಿನ ಕಟ್ಟೆಯ ಮೇಲೆ ಕೂತು ಕಾಯುತ್ತಾಳೆ. ಆಟ ಮುಗಿದ ಮೇಲೆ ಯಾರದು ಯಾವುದು ಅಂತ ಒಂದೂ ತಪ್ಪದೆ ವಾಪಸು ಕೊಡುತ್ತಾಳೆ.

ನನ್ನ ಪಾಲಿಗೆ ಬಂದದ್ದು ಗಡಿಯಾರ. ಯಾವ ಊರಿನಲ್ಲಿ ಆಟವೋ ಆ ಊರಿನ ಪೋಷಕರೊಬ್ಬರು ಟೈಮ್ ನೋಡಬೇಕು, ಬಂದ ತಂಡದ ಕಡೆಯವರೊಬ್ಬರು ಪಕ್ಕದಲ್ಲಿ ಕೂತು ಅಂಕ ಬರೆಯಬೇಕು. ನಮ್ಮ ಪಿ.ಟಿ. ಮಿಸ್ ಚಾಮುಂಡಮ್ಮನವರು ನೇರವಾಗಿ ಬಸ್‌ಸ್ಟ್ಯಾಂಡಿಗೇ ಬಂದು, “ಹದಿನೇಳ್ ವರ್ಷದಿಂದ ಟೈಮಿಗೆ ಬಸ್ ಬಿಡ್ತಾ ಇದ್ದೀರ, ಕೈಲಿ ವಿಷಲ್ಲೂ ಐತೆ, ಇನ್ಯಾರನ್ನ ಹುಡುಕ್ಲಿ ಸಾರ್” ಅಂದರು. ನನಗೂ ಒಳಗೊಳಗೇ ಖುಷಿ. ವಾರದ ರಜೆಯನ್ನು ಭಾನುವಾರಕ್ಕೆ ಬದಲಾಯಿಸಿಕೊಂಡೆ. ಬೆಳಿಗ್ಗೆ ಎದ್ದು ಕೋರ್ಟಿನ ಗೆರೆಗಳಿಗೆ ಸುಣ್ಣ ಎಳೆಯುವುದು, ಆಮೇಲೆ ಮುಖ ತೊಳೆದು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮೇಜಿನ ಮುಂದೆ ಕೂರುವುದು. ಸ್ಕೂಲಿನ ಸ್ಟಾಪ್‌ವಾಚ್ ಎಡಗೈಯಲ್ಲಿ, ನನ್ನ ವಿಷಲ್ ಬಾಯಲ್ಲಿ. ಕಂಟ್ರೋಲರ್ ಶಿವಮೂರ್ತಿ ಇದ್ದಾನೆ ಅಂದರೆ ಸಮಯದ ವಿಷಯದಲ್ಲಿ ತಕರಾರಿಲ್ಲ ಅಂತ ಜನ ಆಡಿಕೊಳ್ಳುತ್ತಿದ್ದರು.

ಹೋದ ಭಾನುವಾರ ನಂಜನಗೂಡಿನ ತಂಡ ಬಂದಿತ್ತು. ಗೆದ್ದವರು ಮೈಸೂರಿಗೆ ಹೋಗಿ ಕೊನೆಯ ಪಂದ್ಯ ಆಡುವುದು ಅಂತ ಮೊದಲೇ ತೀರ್ಮಾನವಾಗಿತ್ತು. ಅಲ್ಲಿ ಮರದ ನೆಲದ ಮೇಲೆ ಆಟ, ಮೇಲೆ ಚಾವಣಿ, ಎರಡೂ ರಿಂಗಿಗೆ ಬಲೆ. ನಮ್ಮ ಹುಡುಗಿಯರು ಒಂದು ತಿಂಗಳಿಂದ ಬೇರೆ ಮಾತೇ ಆಡಿರಲಿಲ್ಲ. ಮರದ ನೆಲದ ಮೇಲೆ ಬರಿಗಾಲಲ್ಲಿ ನಿಂತರೆ ಹೇಗಿರುತ್ತೆ, ಚೆಂಡು ಎಷ್ಟು ಎತ್ತರ ಪುಟಿಯುತ್ತೆ, ಇದೇ ಚರ್ಚೆ. ಕವನ ತಂಡದ ನಾಯಕಿ. ಅವಳು ಮೊದಲ ಮೂರು ಸುತ್ತು ಆಡಿದ್ದರಿಂದ ನಾಲ್ಕನೆಯ ಸುತ್ತಿಗೆ ನಿಯಮದಂತೆ ಹೊರಗೆ ಬಂದು ನನ್ನ ಬೆನ್ನ ಹಿಂದಿನ ಬೆಂಚಿನ ಮೇಲೆ ಕೂತಿದ್ದಳು.

ಕೊನೆಯ ನಿಮಿಷದಲ್ಲಿ ನಮ್ಮದು ಇಪ್ಪತ್ತೊಂದು, ಅವರದು ಇಪ್ಪತ್ತು. ನಮ್ಮ ಹುಡುಗಿ ಎಸೆದ ಚೆಂಡು ಹಲಗೆಗೆ ಬಡಿದು ದೂರ ಹಾರಿತು. ಹಾರಿ ಹೋಗಿ ಸಿಕ್ಕಿದ್ದು ನಯನ ಅನ್ನುವ ಹುಡುಗಿಗೆ. ಕವಲಂದೆಯಿಂದ ನಂಜನಗೂಡಿಗೆ ಬಂದು ಕಲಿಯುವ ಸಣ್ಣ ಹುಡುಗಿ, ಹನ್ನೆರಡೂ ತುಂಬಿಲ್ಲವೇನೋ. ಎಲ್ಲರೂ ಆಡಬೇಕು ಅನ್ನುವ ನಿಯಮಕ್ಕೆ ಅವಳನ್ನು ಆ ಸುತ್ತಿಗೆ ಇಳಿಸಿದ್ದರು. ಇಡೀ ಲೀಗಿನಲ್ಲಿ ಒಂದು ಅಂಕವನ್ನೂ ಗಳಿಸದವಳು. ಹಾಗಾಗಿ ಅವಳನ್ನು ಕಾಯುವ ಗೋಜಿಗೆ ನಮ್ಮವರು ಯಾರೂ ಹೋಗಿರಲಿಲ್ಲ. ಚೆಂಡು ಹಿಡಿದು ಸುತ್ತಲೂ ನೋಡಿದಳು, ಯಾರಿಗಾದರೂ ಕೊಟ್ಟು ಕೈ ತೊಳೆದುಕೊಳ್ಳೋಣ ಅಂತ. ಯಾರೂ ಸಿಗಲಿಲ್ಲ. ತಲೆ ತಗ್ಗಿಸಿಕೊಂಡು ಓಡತೊಡಗಿದಳು, ಒಂದು ಜಡೆಯ ಟೇಪು ಬಿಚ್ಚಿ ಜೋತಾಡುತ್ತಿತ್ತು. ಅವಳು ನಡುಗೆರೆ ದಾಟುವಾಗ ನನ್ನ ಕೈಯ ಸ್ಟಾಪ್‌ವಾಚಿನಲ್ಲಿ ಎಂಟು ನಿಮಿಷ ಮುಗಿಯಿತು.

ನಾನು ವಿಷಲ್ ಊದಲಿಲ್ಲ ಇಂದ್ರಾಣಿ. ಮರೆತದ್ದಲ್ಲ, ಕಣ್ಣು ತಪ್ಪಿದ್ದೂ ಅಲ್ಲ. ಮುಳ್ಳು ಮುಟ್ಟಿದ್ದನ್ನು ಕಂಡೆ, ಉಸಿರನ್ನೂ ಎಳೆದುಕೊಂಡೆ. ಅಷ್ಟರಲ್ಲಿ ಅವಳು ಓಡಿ ಬರುತ್ತಿರುವುದು ಕಂಡಿತು. ಹದಿನೇಳು ವರ್ಷದಿಂದ ನಾನು ದಿನಾ ಮಾಡುತ್ತಿರುವುದು ಇದನ್ನೇ ಅಲ್ಲವೇ. ಬಸ್ಸು ಬಿಡುವ ಹೊತ್ತಾಗಿರುತ್ತದೆ, ಗೇಟಿನಿಂದ ಯಾರೋ ಮುದುಕಿ ಚೀಲ ಹೊತ್ತು ಏದುಸಿರು ಬಿಡುತ್ತ ಓಡಿ ಬರುತ್ತಿರುತ್ತಾಳೆ, ಡ್ರೈವರ್ ಗೇರ್ ಹಾಕಿರುತ್ತಾನೆ, ನಾನು ಕೈ ಅಡ್ಡ ಹಿಡಿದು “ಬರ್ಲಿ, ತಡೀರಿ” ಅನ್ನುತ್ತೇನೆ. ಆ ದಿನವೂ ವಿಷಲನ್ನು ಬಾಯಿಂದ ತೆಗೆದು, ಕೈ ಅಡ್ಡ ಹಿಡಿದು, ಅದನ್ನೇ ಅಂದೆ. ಗಟ್ಟಿಯಾಗಿಯೇ ಅಂದೆ. ಆ ಹುಡುಗಿ ಓಡಿ ಬಂದು ಎರಡೂ ಕೈಯಲ್ಲಿ ಚೆಂಡನ್ನು ಮೇಲಕ್ಕೆ ತಳ್ಳಿದಳು. ಅದು ರಿಂಗಿನ ಮೇಲೆ ಒಂದು ಸುತ್ತು ಉರುಳಿ ಒಳಗೆ ಬಿತ್ತು. ಎರಡು ಅಂಕ, ಅವರದು ಇಪ್ಪತ್ತೆರಡು. ಆಮೇಲೆ ಊದಿದೆ. ಸ್ಟಾಪ್‌ವಾಚ್ ನೋಡಿದರೆ ಎಂಟು ನಿಮಿಷದ ಮೇಲೆ ನಾಲ್ಕು ಸೆಕೆಂಡು.

ನನ್ನ ಪಕ್ಕದಲ್ಲಿ ಅಂಕ ಬರೆಯುತ್ತಿದ್ದವರು ನಂಜನಗೂಡಿನ ಕಡೆಯ ಮೇಷ್ಟ್ರು ಬೆಟ್ಟಸ್ವಾಮಿ. ಅವರು ತಲೆ ಎತ್ತಿ, “ಯಾರ್ ಬರ್ಬೇಕಿತ್ತು ಸಾ, ಕಾಫಿಯವ್ನಾ?” ಅಂದರು. ಅಷ್ಟರಲ್ಲಿ ನಂಜನಗೂಡಿನ ಹುಡುಗಿಯರು ನಯನಳನ್ನು ಎತ್ತಿಕೊಂಡು ಕುಣಿಯುತ್ತಿದ್ದರು. ಮೈಸೂರಿನಿಂದ ಬಂದಿದ್ದ ರೆಫ್ರಿ ಹುಡುಗಿ ಮೇಜಿನ ಹತ್ತಿರ ಬಂದು, ಟೈಮ್ ಸರಿಯಾಗಿತ್ತಾ ಅಂಕಲ್, ಅಂತ ಕೇಳಿದಳು. ನಾನು ಸ್ಟಾಪ್‌ವಾಚನ್ನು ಸೊನ್ನೆಗೆ ತಿರುಗಿಸಿ, ಸರಿಯಾಗಿತ್ತಮ್ಮ, ಅಂದೆ.

ಯಾಕೆ ಹಾಗಂದೆ ಅಂತ ಆರು ದಿನದಿಂದ ಯೋಚಿಸುತ್ತಿದ್ದೇನೆ. ನಿಜ ಹೇಳಿದರೆ ನಮ್ಮ ಕಡೆಯವರು ಗೆಲ್ಲುತ್ತಾರೆ, ಮಗಳನ್ನು ಗೆಲ್ಲಿಸಲು ಅಪ್ಪ ಸುಳ್ಳು ಹೇಳಿದ ಅಂತ ಜನ ತಿಳಿಯುತ್ತಾರೆ ಅಂತ ಒಂದು ಕಾರಣ. ಆ ಪುಟ್ಟ ಹುಡುಗಿಯ ಮುಖ ಬಾಡುವುದನ್ನು ನೋಡಲಾರೆ ಅಂತ ಇನ್ನೊಂದು. ಎರಡೂ ಇದ್ದವು, ಆದರೆ ಎರಡಕ್ಕಿಂತ ದೊಡ್ಡದು ನಾಚಿಕೆ. ಸಮಯದ ವಿಷಯದಲ್ಲಿ ಶಿವಮೂರ್ತಿ ತಪ್ಪಿದ ಅಂತ ಅಷ್ಟು ಜನರ ಮುಂದೆ ಬಾಯಿ ಬಿಟ್ಟು ಹೇಳಲು ನನ್ನಿಂದ ಆಗಲಿಲ್ಲ.

ಅಂಕಪಟ್ಟಿಯ ಕೆಳಗೆ ‘ತಕರಾರಿದ್ದಲ್ಲಿ ನಾಯಕಿಯ ಸಹಿ’ ಅಂತ ಒಂದು ಖಾನೆ ಇರುತ್ತದೆ. ಸೋತ ತಂಡದ ನಾಯಕಿ ಅಲ್ಲಿ ಸಹಿ ಹಾಕಿದರೆ ಕ್ಲಬ್ಬಿನವರು ವಿಚಾರಣೆ ಮಾಡಲೇಬೇಕು. ಹಾಕದಿದ್ದರೆ ಫಲಿತಾಂಶ ಅಲ್ಲಿಗೆ ಕಾಯಂ. ಕವನ ಪೆನ್ನು ಹಿಡಿದು ಆ ಖಾನೆಯ ಮೇಲೆ ಬಗ್ಗಿದಳು, ನನ್ನ ಮುಖ ನೋಡಿದಳು. ಬಸ್‌ಸ್ಟ್ಯಾಂಡಿನಲ್ಲಿ ನನ್ನ ಕೋಣೆಯ ಬೆಂಚಿನ ಮೇಲೆ ಕೂತು ಅಕ್ಷರ ಕಲಿತವಳು ಅವಳು, ‘ಬರ್ಲಿ, ತಡೀರಿ’ ಅಂದರೆ ಏನು ಅಂತ ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಖಾನೆಯನ್ನು ಖಾಲಿ ಬಿಟ್ಟು ಪೆನ್ನಿಗೆ ಕ್ಯಾಪ್ ಹಾಕಿದಳು. ಸಾಲಿನಲ್ಲಿ ನಿಂತು ಹತ್ತು ಹುಡುಗಿಯರ ಕೈ ಕುಲುಕಿದಳು. ನಯನಳಿಗೆ “ಚೆನ್ನಾಗ್ ಹಾಕ್ದೆ ಕಣೇ” ಅಂದದ್ದು ನನಗೂ ಕೇಳಿಸಿತು.

ಮನೆಗೆ ಬಂದ ಮೇಲೆ ಮಾತಿಲ್ಲ. ಸೋಮವಾರವೂ ಇಲ್ಲ. ಮಂಗಳವಾರ ಅವ್ವ, “ಏನ್ಲಾ ಅಂದೆ ನನ್ ಮೊಮ್ಮಗಳ್ಗೆ? ಮೂರ್ ದಿನದಿಂದ ನೆಟ್ಟಗೆ ಉಂಡಿಲ್ಲ ಅದು” ಅಂತ ನನ್ನನ್ನೇ ತರಾಟೆಗೆ ತೆಗೆದುಕೊಂಡಳು. ಸೋತದ್ದಕ್ಕೆ ಬೇಜಾರಿರಬೇಕು ಬಿಡವ್ವ, ಅಂತ ನಾನು ಜಾರಿಕೊಂಡೆ. ಒಳಗಿನಿಂದ ಕವನ ಅಂದಳು, “ಅಪ್ಪಾ, ಅದು ಬಸ್ಸಲ್ಲ.” ಅಷ್ಟೇ. ಪುಸ್ತಕ ತೆಗೆದುಕೊಂಡು ಹಿತ್ತಲಿಗೆ ಹೋದಳು. ಅವಳಿಗೆ ಗೊತ್ತು ಅನ್ನುವುದು ಆವತ್ತಿಗೆ ನನಗೆ ಖಚಿತವಾಯಿತು. ಗೊತ್ತಿದ್ದೂ ನನ್ನ ಮಾನ ಉಳಿಸಲು ಸಹಿ ಹಾಕದೆ ಬಿಟ್ಟು, ಈಗ ಗೆಳತಿಯರ ಮುಂದೆ ತಾನೇ ಕಳ್ಳಿಯ ಹಾಗೆ ಓಡಾಡುತ್ತಿದ್ದಾಳೆ ಅಂತಲೂ ಅರ್ಥವಾಯಿತು. ಇನ್ನು ಸುಮ್ಮನಿದ್ದರೆ ನಾನು ಅವಳಿಗೆ ಅಪ್ಪನಾಗಿ ಉಳಿಯುವುದಿಲ್ಲ ಅನ್ನಿಸಿತು.

ಬುಧವಾರ ಊಟದ ಹೊತ್ತಿನಲ್ಲಿ ಸ್ಕೂಲಿಗೆ ಹೋಗಿ ಚಾಮುಂಡಮ್ಮನವರಿಗೆ ಎಲ್ಲ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು, “ನಿಯಮದ್ ಪ್ರಕಾರ ವಿಷಲ್ ಆದಾಗ್ಲೇ ಆಟ ಮುಗಿಯೋದು ಸಾರ್. ತಕರಾರ್ ಬೇರೆ ಬರ್ದಿಲ್ಲ. ನಂಜನಗೂಡ್ನೋರೇ ಗೆದ್ದಂಗೆ” ಅಂದರು. ಆದರೂ ಬೆಟ್ಟಸ್ವಾಮಿ ಮೇಷ್ಟ್ರಿಗೆ ಫೋನ್ ಮಾಡಿ ವಿಷಯ ತಿಳಿಸಿದರು. ಅವರೂ ದೊಡ್ಡ ಮನುಷ್ಯರೇ. ಬೇಕಾದರೆ ನಮ್ಮ ಹುಡುಗಿಯರಿಗೆ ಹೇಳುತ್ತೇವೆ, ಮತ್ತೆ ಆಡೋಣ, ನಿಮ್ಮ ನಾಯಕಿ ಹೇಳಿದಂತೆ ಆಗಲಿ ಅಂದರಂತೆ. ಚಾಮುಂಡಮ್ಮನವರು ನನಗೆ ಹೇಳಿದ್ದು ಒಂದೇ ಮಾತು, ಹುಡುಗಿಯರಿಗೆ ನೀವೇ ಹೇಳಬೇಕು.

ಗುರುವಾರ ಸಂಜೆ ಪ್ರಾಕ್ಟೀಸಿಗೆ ಹೋದೆ. ಹತ್ತು ಹುಡುಗಿಯರು ನೆಲದ ಮೇಲೆ ಕೂತಿದ್ದರು, ಡ್ಯೂಟಿಯ ಖಾಕಿಯಲ್ಲೇ ನಾನು ಮುಂದೆ ನಿಂತಿದ್ದೆ. ಮೇಲಧಿಕಾರಿಗಳ ಮುಂದೆ ವರದಿ ಒಪ್ಪಿಸಿ ಅಭ್ಯಾಸವಿರುವ ನನಗೆ ಅಲ್ಲಿ ನಾಲಿಗೆ ಹೊರಳಲಿಲ್ಲ. ಹೇಗೋ ಹೇಳಿ ಮುಗಿಸಿದೆ. ಟೈಮ್ ಮುಗಿದಿತ್ತು, ನೀವು ಗೆದ್ದಿದ್ದಿರಿ, ನಾನು ವಿಷಲ್ ಊದಲಿಲ್ಲ, ಕೇಳಿದಾಗ ಸುಳ್ಳು ಹೇಳಿದೆ, ತಪ್ಪಾಯಿತು. ಒಬ್ಬಳು, ಹಾಗಾದ್ರೆ ಮೈಸೂರು ಇಲ್ವಾ ಅಂತ ಪಕ್ಕದವಳನ್ನು ಕೇಳಿದಳು. ಪಕ್ಕದವಳು ಮುಖ ಅತ್ತ ತಿರುಗಿಸಿಕೊಂಡು ಕಣ್ಣೊರೆಸಿಕೊಂಡಳು. ಹತ್ತು ಮಕ್ಕಳ ಆಸೆಯನ್ನು ನನ್ನ ಕೈ ಹಾಳು ಮಾಡಿತ್ತು.

ಆಗ ಕವನ ಎದ್ದು ನಿಂತಳು. ಅಪ್ಪ ಅನ್ನಲಿಲ್ಲ, ಟೈಮ್‌ಕೀಪರನ್ನು ಕೇಳುವ ಹಾಗೆಯೇ ಕೇಳಿದಳು. “ಅವತ್ತು ಎರಡ್ನೇ ಸುತ್ತಲ್ಲಿ ನಾನೂ ಓಡ್ ಬತ್ತಿದ್ದೆ. ನಂಗ್ಯಾಕೆ ಟೈಮ್‌ಗೆ ಸರಿಯಾಗಿ ಊದ್ದೆ?”

ಇದನ್ನು ನಾನು ಮೇಲೆ ಬರೆಯಲಿಲ್ಲ. ಮುಚ್ಚಿಡಬೇಕು ಅಂತಲ್ಲ, ಅದು ಬರೆಯುವಂಥ ವಿಷಯ ಅಂತ ನನಗೆ ಅನ್ನಿಸಿಯೇ ಇರಲಿಲ್ಲ. ಎರಡನೆಯ ಸುತ್ತಿನ ಕೊನೆಯಲ್ಲಿ ಕವನ ಚೆಂಡು ಹಿಡಿದು ಇಬ್ಬರನ್ನು ದಾಟಿ ರಿಂಗಿನ ಹತ್ತಿರ ಹಾರಿದ್ದಳು. ಚೆಂಡು ಅವಳ ಕೈಯಲ್ಲಿದ್ದಾಗಲೇ ಎಂಟು ನಿಮಿಷ ಆಯಿತು, ನಾನು ಊದಿದೆ. ಚೆಂಡು ಆಮೇಲೆ ಒಳಗೆ ಬಿತ್ತು, ಲೆಕ್ಕಕ್ಕೆ ಬರಲಿಲ್ಲ. ಕಾಂಪೌಂಡಿನ ಹತ್ತಿರ ಯಾರೋ, “ಮಗ್ಳಾದ್ರೂ ಬಿಡ್ನಿಲ್ಲ ನೋಡು” ಅಂದರು. ನಾನು ಕಾಲರ್ ಸರಿಮಾಡಿಕೊಂಡು ಕೂತೆ. ಆ ಎರಡು ಅಂಕ ಸಿಕ್ಕಿದ್ದರೆ ಕೊನೆಯಲ್ಲಿ ಏನಾಗಿದ್ದರೂ ನಾವೇ ಗೆಲ್ಲುತ್ತಿದ್ದೆವು.

ನಿಯಮದ ಪ್ರಕಾರ ನಾನು ಆಗ ಮಾಡಿದ್ದೇ ಸರಿ. ಅವಳೂ ಹಾಗೇ ಅಂದಳು. “ಸರಿಯಾಗೇ ಊದ್ದೆ. ಅವ್ಳಿಗೂ ಅಂಗೇ ಊದ್ಬೇಕಿತ್ತು. ಇಲ್ಲ ನಂಗೂ ನಾಕ್ ಸೆಕೆಂಡ್ ಕೊಡ್ಬೇಕಿತ್ತು.” ನಾನು ನಿಜವನ್ನೇ ಹೇಳಿದೆ. ನೀನು ನನ್ನ ಮಗಳು, ನೋಡುವವರು ಏನಾದರೂ ಅಂದಾರು ಅಂತ ಹೆದರಿದೆ ಅಂದೆ. ಕವನ ಚಾಮುಂಡಮ್ಮನವರ ಕಡೆ ತಿರುಗಿ ನಾಯಕಿಯಾಗಿ ತನ್ನ ತೀರ್ಮಾನ ತಿಳಿಸಿದಳು. “ಮತ್ತೆ ಆಡೋದು ಬೇಡ ಮಿಸ್. ಆ ನಯನ ಓಡಿದ್ದು ಸುಳ್ಳಲ್ಲ, ಹಾಕಿದ್ದೂ ಸುಳ್ಳಲ್ಲ, ಅವ್ಳಿಗೆ ಏನೂ ಹೇಳ್ಬೇಡಿ. ನಮ್ಮಪ್ಪನ್ನ ಮಾತ್ರ ಟೇಬಲ್‌ನಿಂದ ತೆಗೀರಿ.” ಅವಳ ಗೆಳತಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಆಮೇಲೆ ಒಬ್ಬೊಬ್ಬರಾಗಿ ತಲೆಯಾಡಿಸಿದರು. ನನ್ನನ್ನು ತೆಗೆದರು. ಇಲಾಖೆಯಲ್ಲಿ ಹದಿನೇಳು ವರ್ಷಕ್ಕೆ ಒಂದು ಮೆಮೊ ಇಲ್ಲದವನನ್ನು ಒಂಬತ್ತನೇ ಕ್ಲಾಸಿನ ಹುಡುಗಿ ಎರಡು ಮಾತಿನಲ್ಲಿ ವಜಾ ಮಾಡಿದಳು. ಕೋಪ ಬರಬೇಕಿತ್ತು, ಬರಲಿಲ್ಲ. ಹೆಮ್ಮೆ ಅನ್ನಿಸಿತು, ಮನೆಗೆ ಬರುವ ದಾರಿಯಲ್ಲಿ ಸ್ವಲ್ಪ ಅಳುವೂ ಬಂತು. ನಿನ್ನೆ ಬೆಳಿಗ್ಗೆ ಕಾಫಿ ತಂದಿಟ್ಟು ಸ್ಕೂಲಿಗೆ ಹೋದಳು. ಇವತ್ತು ನಾನು ಇದನ್ನು ಬರೆಯುತ್ತಿರುವಾಗಲೇ ಬಂದು, ಸಮಾಜದಲ್ಲಿ ಹನ್ನೊಂದು ಕಣಪ್ಪ, ಅಮ್ಮಂಗೆ ಬರೀಬೇಡ ಅಂದಳು. ಬರೆದಿದ್ದೇನೆ, ನಾನು ಬರೆದೆ ಅಂತ ನೀನು ತೋರಿಸಿಕೊಳ್ಳಬೇಡ.

ನಾಳೆ ಸೋತ ತಂಡಗಳ ನಡುವೆ ಇಲ್ಲೇ ಒಂದು ಆಟವಿದೆ. ಸುಣ್ಣ ಎಳೆಯುವ ಕೆಲಸವನ್ನು ನನ್ನಿಂದ ಕಿತ್ತುಕೊಂಡಿಲ್ಲ. ಅದು ಮುಗಿದ ಮೇಲೆ ಅವ್ವನ ಪಕ್ಕದಲ್ಲಿ ಕಟ್ಟೆಯ ಮೇಲೆ ಕೂರಬೇಕು. ಬಳೆಗಳಿಗೆ ಕೈ ಹಾಕಬೇಡ, ಅದರ ಲೆಕ್ಕ ನಿನಗೆ ಹತ್ತುವುದಿಲ್ಲ ಅಂತ ಅವ್ವ ಈಗಲೇ ಎಚ್ಚರಿಸಿದ್ದಾಳೆ.

ಹೊತ್ತಿಗೆ ಸರಿಯಾಗಿ ಉಣ್ಣು, ಕೆಮ್ಮಿಗೆ ಔಷಧಿ ತೆಗೆದುಕೋ, ನಿನ್ನ ರೂಮಿನ ಗೆಳತಿಯರಿಗೆ ನಾನು ಕೇಳಿದೆ ಅಂತ ಹೇಳು. ಅವ್ವ ನಿನಗೆ ಒಳ್ಳೆಯದಾಗಲಿ ಅಂದಿದ್ದಾಳೆ, ಜೊತೆಗೆ ಹಿಟ್ಟಿನ ಜರಡಿಯನ್ನು ಎಲ್ಲಿಟ್ಟು ಹೋಗಿದ್ದೀಯ ಅಂತಲೂ ಕೇಳಿದ್ದಾಳೆ. ಕವನ ಬೇರೆ ಕಾಗದ ಬರೆಯುತ್ತಾಳಂತೆ, ಅದರಲ್ಲಿ ನನ್ನ ಬಗ್ಗೆ ಏನಿರುತ್ತದೋ ಅದನ್ನೂ ನಂಬು.

ನಿನ್ನವನೇ ಆದ
ಶಿವಮೂರ್ತಿ

ವಿ.ಸೂ.: ಅಂಚೆ ಡಬ್ಬಿ ತೆಗೆಯುವ ಹೊತ್ತಾಯಿತು, ಕವರಿಗೆ ಅಂಟು ಹಚ್ಚುವ ಮೊದಲು ಇದೊಂದು. ಕವನಳಿಗೂ ಇನ್ನೂ ಹೇಳಿಲ್ಲ, ಮೊದಲು ನಿನಗೆ. ಜುಲೈ ಐದರಂದು ನೀನು ಮಂಗಳೂರಿಗೆ ಹೊರಟಾಗ ಮೈಸೂರಿನ ಬಸ್ಸು ನಿನ್ನ ಕಣ್ಣೆದುರಿಗೇ ಹೊರಟುಹೋಯಿತಲ್ಲ. ಅಲ್ಲಿ ಮಂಗಳೂರಿನ ಬಸ್ಸೂ ತಪ್ಪಿ, ಮೊದಲ ದಿನವೇ ಟ್ರೈನಿಂಗಿಗೆ ತಡವಾಗಿ ಹೋಗಿ ಎಲ್ಲರೆದುರು ಬೈಸಿಕೊಂಡೆಯಲ್ಲ. ಫೋನಿನಲ್ಲಿ ನೀನು ಕೇಳಿದಾಗ, ನೀನು ಬಂದದ್ದು ನನಗೆ ಕಾಣಲಿಲ್ಲ ಅಂದೆ. ನೀನು ನಂಬಿದೆ. ಇಂದ್ರಾಣಿ, ಬಸ್ಸಿನ ತುಂಬ ಜನ ನನ್ನನ್ನೇ ನೋಡುತ್ತಿದ್ದರು. ಹೆಂಡತಿಗೆ ಅಂತ ಬಸ್ಸು ತಡೆದ ಅನ್ನುತ್ತಾರೆ ಅಂತ ಟೈಮಿಗೆ ಸರಿಯಾಗಿ ಊದಿಬಿಟ್ಟೆ. ಗೇಟಿನ ಹತ್ತಿರ ನಿನ್ನ ಹಸಿರು ಸೀರೆ ಕಂಡಿತ್ತು. ಟ್ರಂಕನ್ನು ಇನ್ನೊಂದು ಕೈಗೆ ಬದಲಾಯಿಸಿ, ನಿಲ್ಲಿಸಿ ಅಂತ ನೀನು ಕೈ ಎತ್ತಿದ್ದೂ ಕಂಡಿತ್ತು.